ಬೆಟ್ಟದ ಜನರಿಂದ ಕಲಿಯತಕ್ಕ ಪಾಠ

ರಾಯಚೂರು, ದೇವದುರ್ಗ, ಮಾನ್ವಿಗಳ ಕಾಲೇಜುಗಳಲ್ಲಿ ಓದುವ ನಮ್ಮ ಹೆಣ್ಣುಮಕ್ಕಳು ಸೇವಾ ಶಿಬಿರಕ್ಕೆಂದು ಹಳ್ಳಿಗಳಿಗೆ ಹೋಗುವುದುಂಟು. ಸಸಿ ನೆಡುವುದು, ಪರಿಸರದ ವಿಷಯವಾಗಿ ಉಪನ್ಯಾಸ ಕೊಡುವುದು ಅಲ್ಲಿಯ ವಾಡಿಕೆ. ಆ ನೆಲದ ಸಂಗತಿಯು ಹೇಳುವವರಿಗಿಂತ ಕೇಳುವವರಿಗೇ ಹೆಚ್ಚು ತಿಳಿದಿರಬಹುದೆಂದು ಮಾತ್ರ ಯಾರೂ ಆಲೋಚಿಸುವುದಿಲ್ಲ. ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿರುತ್ತದೆ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರೆಂಬ ಗಿರಿಜನರು ಬಹುಕಾಲದಿಂದ ವಾಸಿಸುತ್ತಾರೆ. ಬೇಸಗೆ ಬಲಿಯುವುದಕ್ಕೆ ಮುಂಚೆಯೇ ಅವರು ಒಣಗಿದ ಎಲೆಗಳಿಗೆ ಸಣ್ಣ ಬೆಂಕಿ ಇಡುತ್ತಿದ್ದರು. ತರಗು ಬೆಂಕಿಯೆಂದು ಅದರ ಹೆಸರು. ಅದು ನೆಲದ ಮೇಲೆಯೇ ಹರಿದು ಆರಿಹೋಗುವುದು. ದೊಡ್ಡ ಮರಗಳಿಗೆ ಹಾನಿ ಕಡಿಮೆ. 1974ರಲ್ಲಿ ಬೆಟ್ಟವು ವನ್ಯಜೀವಿಧಾಮವಾದ ತರುವಾಯ ಬೆಂಕಿಯು ನಿಷೇಧಿಸಲ್ಪಟ್ಟಿತು. ಉದ್ದೇಶವೇನೋ ಒಳ್ಳೆಯದೇ. ಆದರೆ ಹಿಂದೊಮ್ಮೆ ಅಮೆರಿಕ ಖಂಡದಿಂದ ತೋಟದ ಅಲಂಕಾರಕ್ಕೆಂದು ತರಲ್ಪಟ್ಟಿದ್ದ ಲಂಟಾನವು ಕಾಡನ್ನೆಲ್ಲ ಮುಚ್ಚತೊಡಗಿತು. ಸೋಲಿಗರು ಉಪ್ಪಿಲು ಎನ್ನುವ ಬಂದಳಿಕೆಯು ನೆಲ್ಲಿಮರಗಳ ರಸ ಹೀರಿ ಬೆಳೆಯಿತು. ತರಗು ಬೆಂಕಿ ನಿಂತದ್ದೇ ಇದಕ್ಕೆ ಕಾರಣವೆಂದು ಹಿರಿಯರು ಹೇಳಿದರು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಆ ಮಾತನ್ನು ಹಗುರಾಗಿ ಎಣಿಸದೆ ಕಾಡಿನಲ್ಲಿ ಪರೀಕ್ಷಿಸಿದರು. ಅದರಲ್ಲಿ ಹುರುಳುಂಟೆಂದು ಕಂಡುಕೊಂಡರು. (ಇದನ್ನೋದಿ ಯಾರೂ ಬೆಂಕಿ ಹಚ್ಚತಕ್ಕದ್ದಲ್ಲವೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.)

ಬಳಿಕ ಸೋಲಿಗರು ದಾರಿ ತೋರಿಸಿದರು, ಓದಿದವರು ಉಪಕರಣ ಹಿಡಿದು ಹಿಂದೆ ನಡೆದರು. ಕಲ್ಲುಗುಡಿ, ಅಬ್ಬಿ ಮೊದಲಾದ ನಾನೂರಕ್ಕೂ ಮಿಕ್ಕ ಪವಿತ್ರ ಸ್ಥಳಗಳು ನಕ್ಷೆಯಲ್ಲಿ ಗುರುತಿಸಲ್ಪಟ್ಟವು. ಸೋಲಿಗರಲ್ಲಿಯೇ ಹುಟ್ಟಿ ಡಾಕ್ಟರೇಟ್ ಪಡೆದ ಸಿ. ಮಾದೇಗೌಡರು ಹಕ್ಕಿನ ಹೋರಾಟದಲ್ಲಿ ಮುಂದಾಳುಗಳಲ್ಲೊಬ್ಬರು. 2011ರಲ್ಲಿ, ಅರಣ್ಯಹಕ್ಕು ಕಾಯಿದೆಯಂತೆ, ಜೇನು ನೆಲ್ಲಿಗಳನ್ನು ಕೂಡಿಸುವ ಹಾಗೂ ಕಾಡನ್ನು ಕಾಯುವ ಹಕ್ಕು ಅವರ ಗ್ರಾಮಸಭೆಗಳಿಗೆ ದೊರಕಿತು. ಹುಲಿಗಳ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ಭಾರತದಲ್ಲಿ ಅದೇ ಮೊದಲು.

ನಮ್ಮ ಸೀಮೆಯಲ್ಲಿ ಅಂಥ ದಟ್ಟಡವಿಯಿಲ್ಲ, ನಿಜ. ಆದರೆ ಕೃಷ್ಣೆಗೂ ತುಂಗಭದ್ರೆಗೂ ನಡುವಣ ಈ ಬಯಲಿನಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ನಾಯಕ ಜನರು ಅನೇಕರಿದ್ದಾರೆ. ಹಳ್ಳದ ದಂಡೆಯಲ್ಲಿ ಮೊದಲು ಯಾವ ಯಾವ ಮರಗಳಿದ್ದುವು, ಯಾವ ಒರತೆ ಬತ್ತಿತು ಎಂಬುದನ್ನು ಅವರ ಅಜ್ಜ ಅಜ್ಜಿಯರನ್ನು ಕೇಳಿ ನಮ್ಮ ಮಕ್ಕಳು ಬರೆದುಕೊಂಡರೆ ಅದು ಉಪನ್ಯಾಸಕ್ಕಿಂತ ದೊಡ್ಡ ಸೇವೆ. ನಮಗೂ ಒಂದು ಲಂಟಾನವುಂಟು. ಅದು ಬಳ್ಳಾರಿ ಜಾಲಿ. ಅದೂ ಅಮೆರಿಕದಿಂದಲೇ ಬಂದು ಗೋಮಾಳಗಳನ್ನು ನುಂಗಿದೆ. ಕಿತ್ತೊಗೆಯಿರೆನ್ನುವುದು ಸುಲಭ. ಆದರೆ ಬಡವರ ಎಷ್ಟೋ ಒಲೆಗಳು ಉರಿಯುವುದು ಅದರ ಕಟ್ಟಿಗೆಯಿಂದಲೇ ಆದಕಾರಣ, ಆ ಒಲೆಯ ಮುಂದೆ ಕೂರುವ ತಾಯಂದಿರನ್ನು ಮೊದಲು ಕೇಳತಕ್ಕದ್ದು.