ಹೆಸರು ಕಳೆದುಕೊಂಡ ಮಾತ್ರೆ

ಜೂನ್ ತಿಂಗಳು ಬಂತೆಂದರೆ ಶಾಲಾ ಕಾಲೇಜುಗಳ ಎದುರಿನ ಅಂಗಡಿಗಳಲ್ಲಿ ಅಂಕಪಟ್ಟಿ ಹಿಡಿದು ‘ಎರಡು ಝೆರಾಕ್ಸ್ ಕೊಡಿ’ ಎನ್ನುವವರ ಸಾಲು. ಝೆರಾಕ್ಸ್ ಎಂಬುದು ನಕಲು ಪ್ರತಿಯ ಹೆಸರಲ್ಲ, ಅಮೆರಿಕದ ಒಂದು ಕಂಪನಿಯ ಹೆಸರು ಎಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತು? ತನ್ನ ಹೆಸರು ಹೀಗೆ ಮನೆಮಾತಾದರೆ ಕಂಪನಿಗೆ ಹೆಮ್ಮೆಯೇ. ಆದರೆ ಹೆಸರಿನ ಒಡೆತನಕ್ಕೆ ಅದೇ ಕುತ್ತಾಗಲೂಬಹುದು. ಆಸ್ಪಿರಿನ್ ಮಾತ್ರೆಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ.

ಹೆಸರು ಹುಟ್ಟಿದ ಬಗೆ

ಜ್ವರ, ನೋವುಗಳನ್ನು ತಗ್ಗಿಸುವ ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲವನ್ನು ಜರ್ಮನಿಯ ಬೇಯರ್ ಕಂಪನಿಯ ಪ್ರಯೋಗಾಲಯದಲ್ಲಿ 1897ರಲ್ಲಿ ಶುದ್ಧ ರೂಪದಲ್ಲಿ ತಯಾರಿಸಲಾಯಿತು. ಇಷ್ಟುದ್ದದ ಹೆಸರನ್ನು ಹೇಳಿ ಔಷಧ ಮಾರುವುದು ಹೇಗೆ? ಅಸಿಟೈಲ್‌ನ ‘ಅ’, ಸ್ಯಾಲಿಸಿಲಿಕ್ ಆಮ್ಲ ದೊರೆಯುವ ಸ್ಪೈರಿಯಾ ಎಂಬ ಗಿಡದ ಹೆಸರಿನ ‘ಸ್ಪಿರ್’, ಔಷಧಗಳ ಹೆಸರಿನ ಕೊನೆಗೆ ಸಾಮಾನ್ಯವಾಗಿ ಬರುವ ‘ಇನ್’ ಇವನ್ನು ಕೂಡಿಸಿ ಹೊಸ ಪದವೊಂದನ್ನು ಕಟ್ಟಲಾಯಿತು. 1899ರಲ್ಲಿ ಬರ್ಲಿನ್‌ನಲ್ಲಿ ಅದು ಬೇಯರ್‌ನ ಟ್ರೇಡ್‌ಮಾರ್ಕ್ ಆಗಿ ನೋಂದಣಿಯಾಯಿತು.

ಪೇಟೆಂಟ್ ಮತ್ತು ಟ್ರೇಡ್‌ಮಾರ್ಕ್ ಒಂದೇ ಅಲ್ಲ. ಪೇಟೆಂಟ್ ಹೊಸ ಶೋಧಕ್ಕೆ ಸಿಗುವ ಹಕ್ಕು. ಅವಧಿ ಮುಗಿದ ಮೇಲೆ ಆ ಶೋಧ ಎಲ್ಲರ ಸೊತ್ತು. ಟ್ರೇಡ್‌ಮಾರ್ಕ್ ಸರಕಿನ ಹೆಸರು ಅಥವಾ ಚಿಹ್ನೆಗೆ ಸಿಗುವ ಹಕ್ಕು. ಭಾರತದಲ್ಲಿ ಹತ್ತು ವರ್ಷಗಳಿಗೊಮ್ಮೆ ನವೀಕರಿಸುತ್ತಾ ಹೋದರೆ ಇದಕ್ಕೆ ಕೊನೆಯೇ ಇಲ್ಲ.

ಅಮೆರಿಕದಲ್ಲಿ ಆದದ್ದು

ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ನಿಂತಾಗ ಅಲ್ಲಿದ್ದ ಬೇಯರ್‌ನ ಆಸ್ತಿಯನ್ನೆಲ್ಲ ಸರ್ಕಾರ ವಶಪಡಿಸಿಕೊಂಡಿತು. 1918ರ ಡಿಸೆಂಬರಿನಲ್ಲಿ ನಡೆದ ಹರಾಜಿನಲ್ಲಿ ಸ್ಟರ್ಲಿಂಗ್ ಎಂಬ ಕಂಪನಿ ಸುಮಾರು 53 ಲಕ್ಷ ಡಾಲರಿಗೆ ಅದನ್ನು ಕೊಂಡಿತು. ಕಾರ್ಖಾನೆಯ ಜೊತೆಗೆ ‘ಬೇಯರ್’ ಎಂಬ ಹೆಸರೂ ಪರರ ಪಾಲಾಯಿತು!

‘ಆಸ್ಪಿರಿನ್’ ಎಂಬ ಪದಕ್ಕೆ ಒದಗಿದ ಗತಿ ಇನ್ನೂ ವಿಚಿತ್ರ. ಬೇಯರ್ ಹಲವು ವರ್ಷ ತನ್ನ ಔಷಧದ ಪುಡಿಯನ್ನು ಇತರ ತಯಾರಕರಿಗೆ ಮಾರಿತ್ತು. ಅವರು ಮಾತ್ರೆ ಮಾಡಿ, ತಮ್ಮ ಹೆಸರು ಹಾಕಿ, ‘ಆಸ್ಪಿರಿನ್’ ಎಂದೇ ಮಾರಿದರು. ಹೀಗಾಗಿ ಜನರ ಬಾಯಲ್ಲಿ ಅದು ಕಂಪನಿಯ ಗುರುತಾಗಿ ಉಳಿಯದೆ ಔಷಧದ ಹೆಸರೇ ಆಯಿತು. 1921ರಲ್ಲಿ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ಅವರು, ಸಾಮಾನ್ಯ ಗ್ರಾಹಕರ ಮಟ್ಟಿಗೆ ಈ ಪದ ಯಾರೊಬ್ಬರ ಸ್ವತ್ತೂ ಅಲ್ಲವೆಂದು ತೀರ್ಪಿತ್ತರು.

ಬ್ರಿಟನ್ನಿನಲ್ಲೂ ಇಂದು ಆಸ್ಪಿರಿನ್ ಸಾಮಾನ್ಯ ಪದ. ಆದರೆ ಜರ್ಮನಿ ಮತ್ತು ಕೆನಡಾಗಳಲ್ಲಿ ಅದು ಈಗಲೂ ಬೇಯರ್‌ನ ಟ್ರೇಡ್‌ಮಾರ್ಕ್. ಕೆನಡಾದ ಉಳಿದ ತಯಾರಕರು ಅದೇ ಮಾತ್ರೆಗೆ ‘ಎ.ಎಸ್.ಎ.’ ಎಂದು ಬರೆಯುತ್ತಾರೆ. 1994ರಲ್ಲಿ ಬೇಯರ್ ಕಂಪನಿ ಸ್ಟರ್ಲಿಂಗ್‌ನ ಉತ್ತರ ಅಮೆರಿಕದ ವ್ಯವಹಾರವನ್ನು ನೂರು ಕೋಟಿ ಡಾಲರ್ ತೆತ್ತು ಕೊಂಡಾಗ ಅಮೆರಿಕದಲ್ಲಿ ತನ್ನ ಸ್ವಂತ ಹೆಸರನ್ನು ಮರಳಿ ಪಡೆಯಿತು. ಆಸ್ಪಿರಿನ್ ಎಂಬ ಪದ ಮಾತ್ರ ಮರಳಲಿಲ್ಲ.

ದೇಶಕ್ಕೊಂದು ಹಕ್ಕು

ಒಂದೇ ಪದ ಒಂದು ದೇಶದಲ್ಲಿ ಸ್ವಂತ, ಇನ್ನೊಂದರಲ್ಲಿ ಸಾರ್ವಜನಿಕ! ಟ್ರೇಡ್‌ಮಾರ್ಕಿನ ಹಕ್ಕು ಆಯಾ ದೇಶದ ಗಡಿಯೊಳಗೆ ಮಾತ್ರ ನಡೆಯುವುದೇ ಇದಕ್ಕೆ ಕಾರಣ.

ನಮ್ಮ ದೇಶದಲ್ಲೂ ಇದು ಒರೆಗೆ ಹತ್ತಿದೆ. ಜಪಾನಿನ ಟೊಯೋಟಾ 1997ರಲ್ಲಿ ತನ್ನ ದೇಶದಲ್ಲಿ ‘ಪ್ರಿಯಸ್’ ಕಾರನ್ನು ಬಿಡುಗಡೆ ಮಾಡಿತು. ಆದರೆ ಭಾರತದಲ್ಲಿ ಅದೇ ಹೆಸರನ್ನು ವಾಹನಗಳ ಬಿಡಿಭಾಗ ತಯಾರಿಸುವ ದೆಹಲಿಯ ಸಂಸ್ಥೆಯೊಂದು 2002ರಲ್ಲಿ ನೋಂದಾಯಿಸಿಕೊಂಡಿತು. ಟೊಯೋಟಾ ನ್ಯಾಯಾಲಯದ ಮೆಟ್ಟಿಲೇರಿತು. ಹೊರದೇಶದಲ್ಲಿ ಗಳಿಸಿದ ಖ್ಯಾತಿ ಸಾಲದು, ಆ ಕಾಲಕ್ಕೆ ಭಾರತದಲ್ಲೂ ಆ ಹೆಸರು ಪರಿಚಿತವಾಗಿತ್ತೆಂದು ತೋರಿಸಬೇಕು ಎಂದ ಸುಪ್ರೀಂ ಕೋರ್ಟ್, 2017ರ ಡಿಸೆಂಬರಿನಲ್ಲಿ ದೆಹಲಿಯ ಸಂಸ್ಥೆಯ ಪರವಾಗಿ ತೀರ್ಪು ನೀಡಿತು.

ನೋಂದಣಿಯ ದಾರಿ

ಹಾಗಾದರೆ ಸರಕನ್ನು ಹೊರದೇಶಗಳಿಗೆ ಕಳಿಸುವವರು ಏನು ಮಾಡಬೇಕು? ದೇಶದಿಂದ ದೇಶಕ್ಕೆ ಪ್ರತ್ಯೇಕ ಅರ್ಜಿ ಹಾಕುವುದು ಒಂದು ದಾರಿ. 1883ರ ಪ್ಯಾರಿಸ್ ಒಪ್ಪಂದದಂತೆ, ತಾಯ್ನಾಡಿನಲ್ಲಿ ಅರ್ಜಿ ಹಾಕಿ ಆರು ತಿಂಗಳೊಳಗೆ ಇತರ ಸದಸ್ಯ ದೇಶಗಳಲ್ಲಿ ಹಾಕಿದರೆ ಮೊದಲ ದಿನಾಂಕವೇ ಅಲ್ಲಿಯೂ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ದಾರಿ ಮ್ಯಾಡ್ರಿಡ್ ಪದ್ಧತಿ. ಭಾರತ ಇದಕ್ಕೆ 2013ರಲ್ಲಿ ಸೇರಿತು. ಇಲ್ಲಿನ ಅರ್ಜಿ ಅಥವಾ ನೋಂದಣಿಯ ಆಧಾರದ ಮೇಲೆ ಒಂದೇ ಅಂತರರಾಷ್ಟ್ರೀಯ ಅರ್ಜಿಯಿಂದ 120ಕ್ಕೂ ಹೆಚ್ಚು ದೇಶಗಳ ಪೈಕಿ ಬೇಕಾದವುಗಳಲ್ಲಿ ರಕ್ಷಣೆ ಕೋರಬಹುದು. ಜಿನೀವಾದ ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆ ಅದನ್ನು ದಾಖಲಿಸಿ ಆಯಾ ದೇಶಗಳಿಗೆ ರವಾನಿಸುತ್ತದೆ. ಒಪ್ಪುವುದು, ಬಿಡುವುದು ಮಾತ್ರ ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಮೊದಲ ಐದು ವರ್ಷ ಭಾರತದ ಮೂಲ ಅರ್ಜಿಯೇ ಇದರ ತಾಯಿಬೇರು. ಅಷ್ಟರೊಳಗೆ ಅದು ಬಿದ್ದರೆ ಅಂತರರಾಷ್ಟ್ರೀಯ ನೋಂದಣಿಯೂ ಬೀಳುತ್ತದೆ.

ಕಾವಲು ಬಿಡಬಾರದು

ನೋಂದಣಿಯೊಂದಿಗೆ ಕೆಲಸ ಮುಗಿಯಲಿಲ್ಲ. ಐದು ವರ್ಷಕ್ಕೂ ಮೀರಿ ಬಳಸದೆ ಬಿಟ್ಟ ಹೆಸರನ್ನು ತೆಗೆದುಹಾಕುವಂತೆ ಭಾರತದಲ್ಲಿ ಇತರರು ಕೇಳಬಹುದು. ಅನ್ಯರು ಬಳಸುವಾಗ ಸುಮ್ಮನಿದ್ದರೂ ಹಕ್ಕು ಸಡಿಲವಾಗುತ್ತದೆ. ಝೆರಾಕ್ಸ್ ಕಂಪನಿ ತನ್ನ ಹೆಸರನ್ನು ಕ್ರಿಯಾಪದದಂತೆ ಬಳಸಬೇಡಿರೆಂದು ಜಾಹೀರಾತು ಕೊಟ್ಟು ಬೇಡಿಕೊಂಡದ್ದು ಈ ಭಯದಿಂದಲೇ.

ಉಪ್ಪಿನಕಾಯಿಯೋ ಊದುಬತ್ತಿಯೋ, ಸ್ವಂತ ಉದ್ಯಮಕ್ಕೆ ಹೆಸರಿಡುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಕರ್ನಾಟಕದ ಅರ್ಜಿಗಳು ಚೆನ್ನೈನ ಟ್ರೇಡ್‌ಮಾರ್ಕ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಆ ಹೆಸರು ಈಗಾಗಲೇ ಬೇರೆಯವರದಾಗಿದೆಯೇ ಎಂದು ಇಲಾಖೆಯ ದಾಖಲೆಯಲ್ಲಿ ಶುಲ್ಕವಿಲ್ಲದೆ ಹುಡುಕಬಹುದು. ಡಬ್ಬದ ಮೇಲೆ ಹೆಸರು ಅಚ್ಚು ಹಾಕಿಸುವ ಮೊದಲು ಮನೆಯ ಮಕ್ಕಳೇ ಈ ಕೆಲಸ ಮಾಡಿಕೊಡಬಹುದಲ್ಲವೇ?