ಸಿಂಬಳದಲ್ಲಿ ರಕ್ತ: ಅಂಜಿಕೆ ಬೇಡ, ಅಲಕ್ಷ್ಯವೂ ಬೇಡ

ಎತ್ತಿನ ಮೂಗಿನಲ್ಲಿ ರಕ್ತ ಕಂಡರೆ ನೀವು ಅಂದೇ ಪಶುವೈದ್ಯರನ್ನು ಹುಡುಕಿಕೊಂಡು ಹೋಗುತ್ತೀರಿ. ಆದರೆ ನಿಮ್ಮದೇ ಮೂಗು ಒರೆಸಿಕೊಂಡಾಗ ಟವೆಲಿಗೆ ರಕ್ತದ ಗೆರೆ ಹತ್ತಿದರೆ, ‘ಉಷ್ಣವಾಗಿರಬೇಕು’ ಎಂದು ಮತ್ತೆ ಕಣದ ಕೆಲಸಕ್ಕೆ ಇಳಿಯುತ್ತೀರಿ. ಬಹಳ ಸಲ ಇದರಿಂದ ಕೇಡೇನೂ ಆಗುವುದಿಲ್ಲ. ಕೆಲವು ಸಲ ಮಾತ್ರ ಈ ಅಲಕ್ಷ್ಯಕ್ಕೆ ದೊಡ್ಡ ಬೆಲೆ ತೆರಬೇಕಾಗುತ್ತದೆ. ಯಾವುದು ಸಾಮಾನ್ಯ, ಯಾವುದು ಅಪಾಯ ಎಂದು ತಿಳಿಯಲು ಮೂರು ಪ್ರಶ್ನೆಗಳು ಸಾಕು. ರಕ್ತ ಬರುವುದು ಒಂದು ಹೊಳ್ಳೆಯಿಂದಲೋ, ಎರಡರಿಂದಲೋ? ಎಷ್ಟು ದಿನಗಳಿಂದ? ಜೊತೆಗೆ ಬೇರೆ ತೊಂದರೆ ಏನಿದೆ?

ರಕ್ತ ಬರುವುದೇಕೆ?

ಎರಡು ಹೊಳ್ಳೆಗಳ ನಡುವಣ ಗೋಡೆಯ ಮುಂಭಾಗದಲ್ಲಿ, ಬೆರಳ ತುದಿಗೆ ಎಟುಕುವಷ್ಟು ಹತ್ತಿರದಲ್ಲಿ, ಸಣ್ಣ ರಕ್ತನಾಳಗಳ ಬಲೆಯೊಂದಿದೆ. ಅದರ ಹೊದಿಕೆ ಬಹು ತೆಳು. ಡಿಸೆಂಬರ್-ಜನವರಿಯ ಒಣ ಗಾಳಿ, ರಾಗಿ-ಜೋಳ ಒಕ್ಕುವಾಗಿನ ದೂಳು, ಮೆಣಸಿನಕಾಯಿಯ ಘಾಟು, ಒಲೆಯ ಹೊಗೆ, ನಸ್ಯದ ಚಟ ಇವೆಲ್ಲ ಆ ಹೊದಿಕೆಯನ್ನು ಒಣಗಿಸುತ್ತವೆ. ಒಣಗಿದೆಡೆ ಹಕ್ಕಳೆ ಕಟ್ಟುತ್ತದೆ. ಅದನ್ನು ಬೆರಳಿನಿಂದ ಕಿತ್ತಾಗ ಅಥವಾ ಜೋರಾಗಿ ಸಿಂಬಳ ತೆಗೆದಾಗ ನಾಳ ಒಡೆದು ರಕ್ತ ಕಾಣುತ್ತದೆ. ನೆಗಡಿಯಲ್ಲೂ ಹೀಗಾಗುವುದುಂಟು. ಇಂಥ ರಕ್ತ ಅಲ್ಪಸ್ವಲ್ಪವಿದ್ದು, ಕೆಲವೇ ದಿನಗಳಲ್ಲಿ ತಾನಾಗಿ ನಿಲ್ಲುತ್ತದೆ.

ಮನೆಯಲ್ಲಿ ಮಾಡಬಹುದಾದುದು

ಒಕ್ಕುವಾಗ, ತೂರುವಾಗ ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ದೂಳು ತಡೆಯುವ ಮಾಸ್ಕ್ ಸಿಕ್ಕರೆ ಇನ್ನೂ ಒಳ್ಳೆಯದು. ಅರ್ಧ ಲೀಟರು ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಒಂದು ಟೀ ಚಮಚ ಉಪ್ಪು ಕರಗಿಸಿ, ದಿನಕ್ಕೆ ಎರಡು-ಮೂರು ಸಲ ಕೆಲವು ಹನಿ ಮೂಗಿಗೆ ಬಿಟ್ಟುಕೊಳ್ಳಿ. ಈ ನೀರನ್ನು ದಿನವೂ ಹೊಸದಾಗಿ ಮಾಡಿಕೊಳ್ಳಬೇಕು. ಕುದಿಸದ ನೀರನ್ನು ಎಂದಿಗೂ ಮೂಗಿಗೆ ಹಾಕಬಾರದು. ರಾತ್ರಿ ಮಲಗುವ ಮುನ್ನ ಹೊಳ್ಳೆಯ ಅಂಚಿನೊಳಗೆ ತೆಳುವಾಗಿ ವ್ಯಾಸಲಿನ್ ಸವರಬಹುದು. ನಸ್ಯವನ್ನು ಬಿಡಲೇಬೇಕು.

ರಕ್ತ ಸುರಿಯತೊಡಗಿದರೆ ತಲೆಯನ್ನು ಹಿಂದಕ್ಕೆ ಬಾಗಿಸುವುದು ನಮ್ಮಲ್ಲಿ ರೂಢಿ. ಇದು ತಪ್ಪು, ರಕ್ತ ಗಂಟಲಿಗೆ ಇಳಿದು ವಾಂತಿಯಾಗುತ್ತದೆ, ಉಸಿರಾಟಕ್ಕೂ ತೊಡಕು. ಕುಳಿತು, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹೆಬ್ಬೆರಳು-ತೋರುಬೆರಳುಗಳಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ. ಬಾಯಿಂದ ಉಸಿರಾಡಿ, ಬಾಯಿಗೆ ಬಂದ ರಕ್ತವನ್ನು ಉಗುಳಿ. ಗಡಿಯಾರ ನೋಡಿಕೊಂಡು ೧೦ರಿಂದ ೧೫ ನಿಮಿಷ ಹಿಡಿದಿರಬೇಕು. ‘ನಿಂತಿತೇ’ ಎಂದು ನಡುನಡುವೆ ಕೈ ತೆಗೆದು ನೋಡಿದರೆ ಹೆಪ್ಪು ಕಟ್ಟುವುದಿಲ್ಲ.

ವೈದ್ಯರಿಗೆ ತೋರಿಸಲೇಬೇಕಾದ ಸಂದರ್ಭಗಳು

೧. ಒಂದೇ ಹೊಳ್ಳೆಯಿಂದ ಎರಡು-ಮೂರು ವಾರ ಕಳೆದರೂ ರಕ್ತ ಮಿಶ್ರಿತ ಸಿಂಬಳ ಬರುತ್ತಿದ್ದರೆ. ಆ ಹೊಳ್ಳೆ ಕಟ್ಟಿಕೊಂಡಿದ್ದರೆ. ಕೆನ್ನೆ ಊತ ಅಥವಾ ಜೋಮು, ಮೇಲಿನ ಹಲ್ಲು ಅಲುಗಾಡುವುದು, ಒಂದು ವಸ್ತು ಎರಡಾಗಿ ಕಾಣುವುದು, ಕತ್ತಿನಲ್ಲಿ ಗಂಟು ಇದ್ದರೆ. ಇವು ಮೂಗಿನ ಗಡ್ಡೆಯ ಲಕ್ಷಣಗಳಾಗಿರಬಹುದು. ನೋವಿಲ್ಲವೆಂದು ಸುಮ್ಮನಿರಬಾರದು, ಆರಂಭದಲ್ಲಿ ಕ್ಯಾನ್ಸರಿಗೂ ನೋವಿರದಿರಬಹುದು. ಮರಗೆಲಸ ಮತ್ತು ಮರ ಕೊಯ್ಯುವ ಕೆಲಸದ ದೂಳಿನಲ್ಲಿ ವರ್ಷಗಟ್ಟಲೆ ದುಡಿದವರು ಹೆಚ್ಚು ಎಚ್ಚರದಿಂದಿರಬೇಕು.

೨. ಮಗುವಿನ ಒಂದು ಹೊಳ್ಳೆಯಿಂದ ಮಾತ್ರ ದುರ್ವಾಸನೆಯ, ರಕ್ತ ಬೆರೆತ ಸಿಂಬಳ ಬಂದರೆ ಹುಣಿಸೆ ಬೀಜ, ಕಡಲೆಕಾಯಿ ಬೀಜ ಅಥವಾ ಮಣಿ ಒಳಗೆ ಸೇರಿರಬಹುದು. ಕಡ್ಡಿ ಹಾಕಿ ತೆಗೆಯಲು ಹೋದರೆ ಇನ್ನೂ ಒಳಕ್ಕೆ ಹೋಗುತ್ತದೆ. ಆಟಿಕೆ, ಗಡಿಯಾರಗಳ ಗುಂಡಿಯಂಥ ಬ್ಯಾಟರಿ ಸೇರಿದ್ದರೆ ಕೆಲವೇ ಗಂಟೆಗಳಲ್ಲಿ ಮೂಗಿನ ಒಳಗೋಡೆ ಸುಟ್ಟಂತಾಗುತ್ತದೆ. ಆ ಕ್ಷಣವೇ ಹೊರಡಿ.

೩. ಕೆರೆ-ಕುಂಟೆಗಳಲ್ಲಿ ಮೀಯುವವರ ಮೂಗಿನೊಳಗೆ ಬಿಳಿ ಚುಕ್ಕೆಗಳುಳ್ಳ ಕೆಂಪು ಮಾಂಸದ ಕುಡಿ ಕಂಡು, ಮುಟ್ಟಿದರೆ ರಕ್ತ ಬಂದರೆ ಅದು ರೈನೊಸ್ಪೊರಿಡಿಯೋಸಿಸ್ ಎಂಬ ರೋಗವಿರಬಹುದು. ದನಗಳು ಇಳಿಯುವ ನಿಂತ ನೀರಿಗೂ ಈ ರೋಗಕ್ಕೂ ನಂಟಿದೆ. ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಶಸ್ತ್ರಚಿಕಿತ್ಸೆಯಿಂದ ಬುಡಸಹಿತ ತೆಗೆಸಬೇಕು.

೪. ರಕ್ತ ಕೆಮ್ಮಿನೊಂದಿಗೆ ಕಫದಲ್ಲಿ ಬರುತ್ತಿದ್ದರೆ ಅದು ಮೂಗಿನದಾಗಿರದೆ ಶ್ವಾಸಕೋಶದ್ದಿರಬಹುದು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕ್ಷಯದ ಕಫ ಪರೀಕ್ಷೆಯನ್ನು ಉಚಿತವಾಗಿ ಮಾಡಿಸಿಕೊಳ್ಳಿ.

ಅಂದೇ, ಆಗಲೇ ಆಸ್ಪತ್ರೆಗೆ

ಒತ್ತಿ ಹಿಡಿದರೂ ೨೦-೩೦ ನಿಮಿಷದೊಳಗೆ ರಕ್ತ ನಿಲ್ಲದಿದ್ದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ರಕ್ತ ಬಂದರೆ, ತಲೆ ಸುತ್ತಿ ಬವಳಿ ಬಂದರೆ ೧೦೮ಕ್ಕೆ ಕರೆ ಮಾಡಿ.

ಜ್ವರದೊಂದಿಗೆ ಮೂಗು ಅಥವಾ ವಸಡಿನಲ್ಲಿ ರಕ್ತ ಬಂದರೆ ಡೆಂಗಿಯ ಶಂಕೆ ಇರಲಿ. ಮಲೆನಾಡಿನವರು ಮಂಗನ ಕಾಯಿಲೆಯನ್ನೂ ನೆನೆಯಬೇಕು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಗುರುತಿಸಲಾದ ಈ ರೋಗ ಉಣ್ಣೆಗಳ ಕಡಿತದಿಂದ ಬರುತ್ತದೆ. ದರಗು, ಸೌದೆಗಾಗಿ ಕಾಡಿಗೆ ಹೋಗಿ ಬಂದಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಇಂಥ ಜ್ವರದಲ್ಲಿ ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆಗಳನ್ನು ನುಂಗಬಾರದು; ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ.

ರೈತರ ಮನೆಯಲ್ಲಿ ಇನ್ನೊಂದು ಅಪಾಯವಿದೆ. ಇಲಿಗೆ ಇಡುವ ಬ್ರೊಮಡಯೊಲೋನ್ ವಿಷವು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಮಗು ಅದನ್ನು ತಿಂದರೂ ಮೊದಲ ದಿನ ಏನೂ ತೋರದಿರಬಹುದು. ಒಂದೆರಡು ದಿನಗಳ ಮೇಲೆ ಮೂಗು, ವಸಡುಗಳಲ್ಲಿ ರಕ್ತ ಕಾಣುತ್ತದೆ. ತಿಂದ ಅನುಮಾನ ಬಂದಾಗಲೇ, ರಕ್ತಕ್ಕಾಗಿ ಕಾಯದೆ, ವಿಷದ ಪೊಟ್ಟಣ ಸಹಿತ ಆಸ್ಪತ್ರೆಗೆ ಒಯ್ಯಿರಿ. ಇದಕ್ಕೆ ಕೆ ಜೀವಸತ್ವದ ಚಿಕಿತ್ಸೆ ಇದೆ. ಹಾವು ಕಚ್ಚಿದವರಲ್ಲಿ ಇಂಥ ರಕ್ತ ಕಂಡರೂ ಒಂದು ಗಳಿಗೆಯನ್ನೂ ಕಳೆಯಬಾರದು.

ವೈದ್ಯರಿಗೆ ಹೇಳಬೇಕಾದುದು

ಯಾವ ಹೊಳ್ಳೆ, ಎಷ್ಟು ದಿನ, ಎಷ್ಟು ರಕ್ತ ಎಂಬುದನ್ನು ನೆನಪಿಟ್ಟು ಹೇಳಿ. ಹೃದಯಕ್ಕೆಂದು ರಕ್ತ ತೆಳುಗೊಳಿಸುವ ಮಾತ್ರೆ ನುಂಗುತ್ತಿದ್ದರೆ ಚೀಟಿ ತೋರಿಸಿ, ನೀವಾಗಿಯೇ ನಿಲ್ಲಿಸಬೇಡಿ. ರಕ್ತದೊತ್ತಡವನ್ನೂ ನೋಡಿಸಿಕೊಳ್ಳಿ. ಬೆಳಕು ಬಿಟ್ಟು ಮೂಗಿನೊಳಗೆ ನೋಡಲು ವೈದ್ಯರಿಗೆ ಹೆಚ್ಚು ಹೊತ್ತು ಬೇಕಿಲ್ಲ. ಸುಗ್ಗಿ ಮುಗಿಯಲೆಂದು ತಿಂಗಳುಗಟ್ಟಲೆ ಮುಂದೂಡುವ ಕೆಲಸ ಇದಲ್ಲ. ಬೆಳೆಯ ರೋಗವನ್ನು ಎಲೆಯ ಮೊದಲ ಚುಕ್ಕೆಯಲ್ಲೇ ಗುರುತಿಸುವ ನೀವು, ಟವೆಲಿನ ಮೇಲಿನ ಕೆಂಪು ಗೆರೆಯನ್ನೂ ಅದೇ ಕಣ್ಣಿನಿಂದ ನೋಡಿ.