ಪ್ರತಿಬಿಂಬದಲ್ಲಿ ಕಾಣೆಯಾದ ಪ್ಯಾಕೆಟ್ಟುಗಳು

ಗೈಗರ್ ಎಣಿಕೆಯಂತ್ರವನ್ನು ಬಳಸಿರುವ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಬಲ್ಲರು. ಒಂದು ಕಣವನ್ನು ಎಣಿಸಿದ ಕೂಡಲೆ ಆ ಯಂತ್ರವು ಸೆಕೆಂಡಿನ ಸುಮಾರು ಹತ್ತು ಸಾವಿರದಲ್ಲೊಂದು ಭಾಗದಷ್ಟು ಕಾಲ ಕುರುಡಾಗಿರುತ್ತದೆ. ಆ ಅವಧಿಯಲ್ಲಿ ಬಂದ ಕಣವು ಲೆಕ್ಕಕ್ಕೆ ಸಿಕ್ಕದು. ಎಣಿಕೆಯಲ್ಲಿ ಇಲ್ಲವೆಂದ ಮಾತ್ರಕ್ಕೆ ಕಣವೇ ಬರಲಿಲ್ಲವೆನ್ನಲಾದೀತೆ? ಗಣಕಜಾಲಗಳನ್ನು ಪರೀಕ್ಷಿಸುವವರಿಗೂ ಇಂಥದೇ ತೊಡಕು ಎದುರಾಗುವುದುಂಟು.

ಜಾಲದಲ್ಲಿ ಸಂದೇಶವು ಅಖಂಡವಾಗಿ ಹರಿಯುವುದಿಲ್ಲ. ಅದನ್ನು ತುಂಡುಗಳಾಗಿ ವಿಭಾಗಿಸಿ, ಪ್ರತಿಯೊಂದಕ್ಕೂ ಕಳುಹಿಸಿದವರ ಹಾಗೂ ಸೇರಬೇಕಾದವರ ವಿಳಾಸವನ್ನು ಅಂಟಿಸಿ ರವಾನಿಸಲಾಗುತ್ತದೆ. 1960ರ ದಶಕದಲ್ಲಿ ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಎಂಬ ವಿಜ್ಞಾನಿ ಇವಕ್ಕೆ ಪ್ಯಾಕೆಟ್ಟುಗಳೆಂದು ಹೆಸರಿಟ್ಟರು. ಅವುಗಳನ್ನು ತಕ್ಕ ದಾರಿಗೆ ಹಚ್ಚುವ ಯಂತ್ರವೇ ಸ್ವಿಚ್ಚು. ಅದರ ಒಂದು ದ್ವಾರದಲ್ಲಿ ಹಾಯುವ ಪ್ಯಾಕೆಟ್ಟುಗಳ ನಕಲನ್ನು ಇನ್ನೊಂದು ದ್ವಾರಕ್ಕೂ ಕಳುಹಿಸುವಂತೆ ಏರ್ಪಡಿಸಬಹುದು. ಇದನ್ನು ಪ್ರತಿಬಿಂಬವೆಂದು ಕರೆಯೋಣ. ಆ ದ್ವಾರಕ್ಕೆ ಜೋಡಿಸಿದ ಗಣಕಯಂತ್ರವು ನಕಲುಗಳನ್ನು ದಾಖಲಿಸುತ್ತದೆ. ದೋಷ ಹುಡುಕುವವರು ಅದನ್ನು ಓದುತ್ತಾರೆ. ಜಾಲಕ್ಕೆ ನುಗ್ಗುವ ದುಷ್ಕರ್ಮಿಗಳನ್ನು ಪತ್ತೆಹಚ್ಚುವ ಕಾವಲುಯಂತ್ರಗಳೂ ಅನೇಕ ಕಡೆ ಈ ನಕಲನ್ನೇ ನಂಬಿ ಕುಳಿತಿರುತ್ತವೆ. ನಕಲಾಗದೆ ಹೋದ ಪ್ಯಾಕೆಟ್ಟಿನಲ್ಲಿ ಕಳ್ಳನಿದ್ದರೆ ಕಾವಲುಗಾರನಿಗೆ ಅವನು ಕಾಣುವುದೇ ಇಲ್ಲ.

ಹಾಗಾದರೆ ನಕಲು ಕಳೆಯುವುದೆಲ್ಲಿ? ಎರಡೂ ದಿಕ್ಕಿನಲ್ಲಿ ಏಕಕಾಲಕ್ಕೆ ಸೆಕೆಂಡಿಗೆ 100 ಕೋಟಿ ಬಿಟ್ಟುಗಳನ್ನು ಸಾಗಿಸಬಲ್ಲ ತಂತಿಯೊಂದಿದೆಯೆನ್ನಿ. ಒಂದು ದಿಕ್ಕಿನಲ್ಲಿ 70 ಕೋಟಿ, ಇನ್ನೊಂದರಲ್ಲಿ 60 ಕೋಟಿ ಹರಿಯುತ್ತಿದ್ದರೆ ಮೂಲ ತಂತಿಗೆ ಯಾವ ಶ್ರಮವೂ ಇಲ್ಲ. ಆದರೆ ಅಷ್ಟೇ ಸಾಮರ್ಥ್ಯದ ಪ್ರತಿಬಿಂಬದ ದ್ವಾರದಿಂದ ಎರಡರ ನಕಲೂ ಒಂದೇ ದಿಕ್ಕಿಗೆ ಹೊರಡಬೇಕು. 130 ಕೋಟಿಯನ್ನು 100 ಕೋಟಿಯ ದಾರಿಯಲ್ಲಿ ತೂರಿಸುವುದೆಂತು? ಮಿಕ್ಕ 30 ಕೋಟಿ ಸ್ವಿಚ್ಚಿನ ಸ್ಮೃತಿಯಲ್ಲಿ ಕಾದಿರಬೇಕು. ಅಲ್ಲಿ 80 ಲಕ್ಷ ಬಿಟ್ಟುಗಳಿಗೆ ಸ್ಥಳವಿದ್ದರೂ 0.027 ಸೆಕೆಂಡಿನಲ್ಲಿ ಅದು ತುಂಬಿಹೋಗುತ್ತದೆ. ಆಮೇಲೆ ಬಂದ ನಕಲುಗಳನ್ನು ಸ್ವಿಚ್ಚು ನಿರ್ದಾಕ್ಷಿಣ್ಯವಾಗಿ ಬಿಸುಡುತ್ತದೆ. ಐದು ನಿಮಿಷಗಳ ಸರಾಸರಿ ತೋರಿಸುವ ನಕ್ಷೆಯನ್ನು ನೋಡಿ, ದಾರಿ ಅರ್ಧ ಖಾಲಿಯಿದೆಯೆಂದು ನೆಮ್ಮದಿಗೊಳ್ಳುವವರುಂಟು; ಸರಾಸರಿ ಆಳವನ್ನು ನಂಬಿ ಹೊಳೆಗಿಳಿದ ಲೆಕ್ಕಿಗನ ಕಥೆಯನ್ನು ಅವರು ಕೇಳಿಲ್ಲವೆಂದು ತೋರುತ್ತದೆ. ದಾಖಲಿಸುವ ಗಣಕಯಂತ್ರವು ನಿಧಾನವಾದರೂ ಇದೇ ಗತಿ. ಟಿಸಿಪಿಡಂಪ್ ಎಂಬ ಪ್ರಸಿದ್ಧ ತಂತ್ರಾಂಶವು ಕೆಲಸ ಮುಗಿಸುವಾಗ ಎಷ್ಟು ಪ್ಯಾಕೆಟ್ಟುಗಳು ಕೈಬಿಟ್ಟವೆಂದು ಒಂದು ಸಾಲಿನಲ್ಲಿ ತಿಳಿಸುತ್ತದೆ. ಆ ಸಾಲನ್ನು ಓದದೆ ಜಾಲವನ್ನು ದೂರುವುದು ನ್ಯಾಯವಲ್ಲ.

ಪ್ಯಾಕೆಟ್ಟೇ ಕಳೆಯಿತೋ, ನಕಲು ಮಾತ್ರ ಕಳೆಯಿತೋ ಎಂದು ತಿಳಿಯುವ ಉಪಾಯವು ದಾಖಲೆಯಲ್ಲಿಯೇ ಅಡಗಿದೆ. ಟಿಸಿಪಿ ಎಂಬ ನಿಯಮಾವಳಿಯಲ್ಲಿ ಪ್ರತಿಯೊಂದು ಬೈಟಿಗೂ ಕ್ರಮಸಂಖ್ಯೆಯುಂಟು. ತಲುಪಿದುದಕ್ಕೆ ಸ್ವೀಕರಿಸಿದ ಯಂತ್ರವು ರಸೀದಿ ಕಳುಹಿಸುತ್ತದೆ. ದಾಖಲೆಯಲ್ಲಿ 5001ರಿಂದ 6460ರ ವರೆಗಿನ ಬೈಟುಗಳು ಇಲ್ಲವೆನ್ನಿ. ಹಾಗಿದ್ದೂ ಆಚೆಯ ಯಂತ್ರವು "ಇನ್ನು 6461ನೆಯದು ಬರಲಿ" ಎಂದು ರಸೀದಿ ಕೊಟ್ಟಿದ್ದರೆ ಸರಕು ತಲುಪಿದೆ, ಕಳೆದುದು ನಕಲು. ಅದರ ಬದಲು "5001" ಎಂದೇ ಮತ್ತೆ ಮತ್ತೆ ಕೇಳಿ, ಕಳುಹಿಸಿದ ಯಂತ್ರವು ಅದೇ ತುಂಡನ್ನು ಮರಳಿ ರವಾನಿಸಿದ್ದರೆ ನಷ್ಟವು ನಿಜವಾದುದು. ನನ್ನ ದೃಷ್ಟಿಯಲ್ಲಿ ಇಡೀ ವಿಷಯದಲ್ಲಿ ಅತ್ಯಂತ ಸುಂದರವಾದ ತರ್ಕ ಇದು.

ದಾಖಲೆಯ ಯಂತ್ರವು ದೂರದಲ್ಲಿದ್ದರೆ ಸಮಸ್ಯೆ ಇನ್ನಷ್ಟು ಸ್ವಾರಸ್ಯವಾಗುತ್ತದೆ. ಆಗ ನಕಲನ್ನು ಇಡಿಯಾಗಿ ಇನ್ನೊಂದು ಲಕೋಟೆಯಲ್ಲಿಟ್ಟು, ಹೊರಗೆ ಹೊಸ ವಿಳಾಸ ಬರೆದು, ಸಾಮಾನ್ಯ ಜಾಲದ ಮೂಲಕವೇ ಸಾಗಿಸುತ್ತಾರೆ. ಇದಕ್ಕೆ ಸುರಂಗವೆಂಬ ಹೆಸರಿದೆ. ಲಕೋಟೆಗೂ ತೂಕವುಂಟಷ್ಟೆ. ಈಥರ್ನೆಟ್ ಜಾಲದಲ್ಲಿ ಒಂದು ಪ್ಯಾಕೆಟ್ಟು ಸಾಮಾನ್ಯವಾಗಿ 1500 ಬೈಟು ಮೀರುವಂತಿಲ್ಲ. ಇಆರ್‌ಸ್ಪ್ಯಾನ್ ಪದ್ಧತಿಯ ಎರಡನೆಯ ಬಗೆಯಲ್ಲಿ ಒಳಗಿನ ಪ್ಯಾಕೆಟ್ಟು 1500, ಅದರ ಈಥರ್ನೆಟ್ ತಲೆಬರಹ 14, ಇಆರ್‌ಸ್ಪ್ಯಾನಿನದು 8, ಸುರಂಗದ್ದು 8, ಹೊರವಿಳಾಸದ್ದು 20, ಒಟ್ಟು 1550. ದಾರಿಯಲ್ಲಿ 1500ರ ಮಿತಿಯುಳ್ಳ ಯಂತ್ರವೊಂದಿದ್ದು, ತುಂಡರಿಸಬಾರದೆಂಬ ಗುರುತೂ ಲಕೋಟೆಯ ಮೇಲಿದ್ದರೆ, ಆ ನಕಲಿಗೆ ಅಲ್ಲಿಯೇ ಅಂತ್ಯ. ಆಗ ದಾಖಲೆಯಲ್ಲಿ ಕಾಣುವ ನೋಟ ವಿಚಿತ್ರ: ಸಂಪರ್ಕವನ್ನು ಆರಂಭಿಸುವ ಪುಟ್ಟ ಪ್ಯಾಕೆಟ್ಟುಗಳಿವೆ, ರಸೀದಿಗಳಿವೆ, ನಡುವಿನ ಸರಕೇ ಇಲ್ಲ! ಕಳೆದುವೆಲ್ಲ ದೊಡ್ಡವು, ಉಳಿದುವೆಲ್ಲ ಚಿಕ್ಕವು ಎಂದಾದರೆ ದಟ್ಟಣೆಯನ್ನು ಹಳಿಯುವ ಮುನ್ನ ಅಳತೆಯನ್ನು ಶಂಕಿಸಬೇಕು.

ಪರೀಕ್ಷೆಯೂ ಸುಲಭ. ಪ್ರತಿಬಿಂಬಿತವಾಗುವ ದಾರಿಯಲ್ಲಿ ಪಿಂಗ್ ಆಜ್ಞೆಯಿಂದ 1422 ಬೈಟು ತುಂಬಿ ಕಳುಹಿಸಿದರೆ, 28 ಬೈಟಿನ ತಲೆಬರಹಗಳು ಸೇರಿ ಪ್ಯಾಕೆಟ್ಟು 1450 ಆಗುತ್ತದೆ. ಅದರ ನಕಲು ದಾಖಲೆಗೆ ಬರುತ್ತದೆ. 1423 ತುಂಬಿದರೆ ಪಿಂಗಿಗೆ ಉತ್ತರ ಬಂದರೂ ನಕಲು ಬಾರದು. ಕಾಯಿಲೆ ಗೊತ್ತಾದ ಮೇಲೆ ಸುರಂಗದ ದಾರಿಯುದ್ದಕ್ಕೂ ಮಿತಿಯನ್ನು ಹಿಗ್ಗಿಸಬೇಕು. ಸ್ವಿಚ್ಚಿಗೆ ಶಕ್ತಿಯಿದ್ದರೆ ನಕಲಿನ ಆರಂಭದ ಭಾಗವನ್ನಷ್ಟೇ ಕತ್ತರಿಸಿ ಕಳುಹಿಸುವುದೂ ಒಂದು ಉಪಾಯ. ವಿಳಾಸ, ಕ್ರಮಸಂಖ್ಯೆಗಳೆಲ್ಲ ಅಲ್ಲಿಯೇ ಇರುತ್ತವೆ. ಕಾವಲುಯಂತ್ರಕ್ಕಾದರೋ ಇದು ಸಾಲದು, ಅದಕ್ಕೆ ಒಳಗಿನ ಸರಕೇ ಬೇಕು.

ಕಣ್ಣೆದುರಿನಲ್ಲಿದ್ದೂ ಕಾಣದಿರುವುದು ಇನ್ನೊಂದು ಬಗೆ. 2014ರಲ್ಲಿ ಪ್ರಕಟವಾದ ವಿಎಕ್ಸ್‌ಲ್ಯಾನ್ ಎಂಬ ಸುರಂಗ ಪದ್ಧತಿಯಲ್ಲಿ ಮೂಲ ಪ್ಯಾಕೆಟ್ಟುಗಳೇ ಲಕೋಟೆಯೊಳಗೆ ಸಂಚರಿಸುತ್ತವೆ. ಇಂಥ ದಾರಿಯಲ್ಲಿ ಕುಳಿತು "ಈ ವಿಳಾಸದವನ್ನು ಮಾತ್ರ ತೋರಿಸು" ಎಂದು ಒಳಗಿನ ವಿಳಾಸವನ್ನು ಕೊಟ್ಟರೆ, ಸಾಮಾನ್ಯ ಸೋಸಕವು ಹೊರಲಕೋಟೆಯನ್ನಷ್ಟೇ ನೋಡಿ ಎಲ್ಲವನ್ನೂ ತಿರಸ್ಕರಿಸುತ್ತದೆ. ಸೋಸದೆ ಒಮ್ಮೆ ದಾಖಲಿಸಿದರೆ ಅವೆಲ್ಲ 4789 ಎಂಬ ದ್ವಾರಸಂಖ್ಯೆಯ ಹಿಂದೆ ಸಾಲಾಗಿ ನಿಂತಿರುವುದು ಕಾಣಿಸುತ್ತದೆ.

ಇಆರ್‌ಸ್ಪ್ಯಾನಿನ ಈ ಬಗೆಯಲ್ಲಿ ಒಂದು ಅನುಕೂಲವಿದೆ: ಸುರಂಗದ ತಲೆಬರಹದಲ್ಲಿ ಪ್ರತಿ ನಕಲಿಗೂ ಸ್ವಿಚ್ಚು ಒಂದು ಅಂಕಿಯನ್ನು ಬರೆಯುತ್ತದೆ. ಅಂಕಿಗಳ ಸಾಲಿನಲ್ಲಿ ಬಿರುಕಿದ್ದರೆ ನಕಲು ಹೊರಟ ಮೇಲೆ ದಾರಿಯಲ್ಲಿಯೋ ದಾಖಲೆಯ ಯಂತ್ರದಲ್ಲಿಯೋ ಕಳೆದಿದೆ. ಸಾಲು ಸರಿಯಾಗಿದ್ದೂ ಪ್ಯಾಕೆಟ್ಟು ಇಲ್ಲವೆಂದರೆ ಅದು ಸುರಂಗವನ್ನು ಹೊಕ್ಕೇ ಇಲ್ಲ. ಹುಡುಕಾಟವನ್ನು ಸ್ವಿಚ್ಚಿನಿಂದಲೇ ಆರಂಭಿಸಬೇಕು.